ಮ್ಯಾಗ್ ಡ್ರಾಪ್: ತರಬೇತಿ ವಿಮಾನದಲ್ಲಿ ಕಿಡಿಯ ದೋಷವನ್ನು ಹುಡುಕುವ ಬಗೆ

"ಬಲ ಮ್ಯಾಗ್ನೆಟೊದಲ್ಲಿ ಇಳಿಕೆ 220, ಎಂಜಿನ್ ನಡುಗುತ್ತದೆ." ಪೈಲಟ್ ಟೆಕ್ ಲಾಗ್‌ನಲ್ಲಿ ಬರೆದಿಟ್ಟು ಹೋಗುವ ದೂರನ್ನು ನಮ್ಮ ಹ್ಯಾಂಗರ್‌ಗಳಲ್ಲಿ ಸ್ನ್ಯಾಗ್ ಎನ್ನುತ್ತೇವೆ, ಪಿಸ್ಟನ್ ಎಂಜಿನ್ನಿನ ತರಬೇತಿ ವಿಮಾನಗಳನ್ನು ನೋಡಿಕೊಳ್ಳುವವರು ತಮ್ಮ ವೃತ್ತಿಯಲ್ಲಿ ಮತ್ತೆ ಮತ್ತೆ ಎದುರಿಸಬೇಕಾದ ಸ್ನ್ಯಾಗ್ ಇದು. ಮ್ಯಾಗ್ನೆಟೊ ಎಂದರೆ ಸ್ಪಾರ್ಕ್ ಪ್ಲಗ್‌ಗಳಿಗೆ ಕಿಡಿ ಕೊಡುವ ಸಾಧನ. ಎಂಜಿನ್ನಿಗೆ ಎಡ, ಬಲ ಎಂದು ಎರಡಿರುತ್ತವೆ; ಒಂದರ ಮೇಲಷ್ಟೇ ಓಡಿಸಿದಾಗ ಆರ್‌ಪಿಎಂ, ಅಂದರೆ ನಿಮಿಷದ ಸುತ್ತುಗಳ ಸಂಖ್ಯೆ, ಇಳಿಯುವುದೇ ಮ್ಯಾಗ್ ಡ್ರಾಪ್. ಈ ಒಂದು ಸಾಲನ್ನು ಓದಿದ ಕೂಡಲೇ ಸ್ಟೋರ್ಸ್‌ಗೆ ಹೋಗಿ ಹೊಸ ಮ್ಯಾಗ್ನೆಟೊ ಕೇಳುವ ಟೆಕ್ನಿಷಿಯನ್‌ಗಳಿದ್ದಾರೆ. ಎಂಟೂ ಸ್ಪಾರ್ಕ್ ಪ್ಲಗ್‌ಗಳನ್ನು ಬಿಚ್ಚಿ, ತೊಳೆದು, ಹಾಕಿ, ಕೈ ಒರೆಸಿಕೊಳ್ಳುವವರೂ ಇದ್ದಾರೆ. ಮೊದಲನೆಯದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ. ಎರಡನೆಯದು ಜ್ವರ ಯಾವುದಕ್ಕೆ ಬಂದಿದೆ ಎಂದು ನೋಡದೆ ಕೊಟ್ಟಿಗೆಯ ದನಗಳಿಗೆಲ್ಲ ಬರೆ ಹಾಕಿದಂತೆ. ಎರಡರಲ್ಲೂ ಕೆಲವೊಮ್ಮೆ ದೋಷ ಹೋಗುತ್ತದೆ, ಆದರೆ ಏಕೆ ಹೋಯಿತು ಎಂಬುದು ತಿಳಿಯುವುದಿಲ್ಲ. ಹಾಗೆ ಹೋದದ್ದು ಬಹುಮಟ್ಟಿಗೆ ಮರಳಿ ಬರುತ್ತದೆ.

ಎಎಂಇ (ವಿಮಾನ ನಿರ್ವಹಣಾ ಎಂಜಿನಿಯರ್) ತರಬೇತಿ ಮುಗಿಸಿ ಹ್ಯಾಂಗರ್‌ಗೆ ಹೊಸದಾಗಿ ಬಂದವರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಬರಹವನ್ನು ಸಿದ್ಧಪಡಿಸಿದ್ದೇನೆ. ಉದಾಹರಣೆಗೆ ಆರಿಸಿಕೊಂಡಿರುವುದು ಸೆಸ್ನಾ 172 ಎಸ್ ಮಾದರಿಯ ವಿಮಾನ. ಅದರಲ್ಲಿರುವುದು ನಾಲ್ಕು ಸಿಲಿಂಡರ್‌ಗಳ, 180 ಅಶ್ವಶಕ್ತಿಯ ಲೈಕಮಿಂಗ್ ಐಒ-360-ಎಲ್2ಎ ಎಂಜಿನ್. ಇಲ್ಲಿ ಕೊಟ್ಟಿರುವ ಅಂಕಿಗಳು ವಿಷಯ ಅರ್ಥವಾಗಲಿ ಎಂಬುದಕ್ಕಾಗಿ. ನಿಮ್ಮ ಮುಂದಿರುವ ವಿಮಾನದ ನಿರ್ವಹಣಾ ಕೈಪಿಡಿಯ ಚಾಲ್ತಿಯಲ್ಲಿರುವ ಆವೃತ್ತಿಯೂ ಎಂಜಿನ್ನಿನ ಡೇಟಾ ಪ್ಲೇಟೂ ಏನು ಹೇಳುತ್ತವೆಯೋ ಅದೇ ಕೆಲಸಕ್ಕೆ ಆಧಾರ.

ಆರ್‌ಪಿಎಂ ಏಕೆ ಇಳಿಯುತ್ತದೆ

ಈ ಎಂಜಿನ್ನಿನ ಸಿಲಿಂಡರ್‌ನ ಒಳ ವ್ಯಾಸ 5.125 ಇಂಚು, ಅಂದರೆ ಸುಮಾರು 130 ಮಿಲಿಮೀಟರ್. ಇಷ್ಟು ಅಗಲದ ಕೋಣೆಯಲ್ಲಿ ಎದುರುಬದುರಾಗಿ ಎರಡು ಕಡೆಯಿಂದ ಕಿಡಿ ಹಾರಿದಾಗ ಎರಡು ಜ್ವಾಲೆಗಳು ಹೊರಟು ನಡುವೆ ಕೂಡುತ್ತವೆ ಮತ್ತು ಇಂಧನ ಬೇಗ ಉರಿದು ಮುಗಿಯುತ್ತದೆ. ಒಂದೇ ಮ್ಯಾಗ್ನೆಟೊ ಮೇಲೆ ಓಡಿಸಿದಾಗ ಪ್ರತಿ ಸಿಲಿಂಡರ್‌ನಲ್ಲೂ ಒಂದೇ ಪ್ಲಗ್ ಕೆಲಸ ಮಾಡುವುದರಿಂದ, ಒಂದೇ ಜ್ವಾಲೆ ಇಡೀ ಕೋಣೆಯನ್ನು ದಾಟಬೇಕಾಗುತ್ತದೆ. ದಹನ ತಡವಾಗುತ್ತದೆ, ಬಲ ಸ್ವಲ್ಪ ಕುಗ್ಗುತ್ತದೆ, ಆರ್‌ಪಿಎಂ ಇಳಿಯುತ್ತದೆ. ಆದ್ದರಿಂದ ಇಳಿಕೆಯೆಂಬುದು ತನ್ನಷ್ಟಕ್ಕೆ ದೋಷವಲ್ಲ. ಆರೋಗ್ಯವಾಗಿರುವ ಎಂಜಿನ್ನೂ ಇಳಿಯಲೇಬೇಕು. ಎಸ್ ಮಾದರಿಯಲ್ಲಿ 1800 ಆರ್‌ಪಿಎಂನಲ್ಲಿ ಪರೀಕ್ಷಿಸುವಾಗ ಯಾವುದೇ ಮ್ಯಾಗ್ನೆಟೊದ ಮೇಲಿನ ಇಳಿಕೆ 150ನ್ನು ಮೀರಬಾರದು, ಎರಡರ ಇಳಿಕೆಗಳ ನಡುವಿನ ಅಂತರ 50ನ್ನು ಮೀರಬಾರದು. ಹಳೆಯ ಎನ್ ಮತ್ತು ಪಿ ಮಾದರಿಗಳಲ್ಲಿ ಪರೀಕ್ಷೆ ನಡೆಯುವುದು 1700ರಲ್ಲಿ, ಮಿತಿ 125. ಅಂತರದ ಮಿತಿ ಅಷ್ಟೇ. ಎರಡೂ ಬಗೆಯ ವಿಮಾನಗಳಿರುವ ಹ್ಯಾಂಗರ್‌ನಲ್ಲಿ ಈ ಅಂಕಿಗಳು ಒಂದಕ್ಕೊಂದು ಬೆರೆತುಹೋಗುವುದನ್ನು ನಾನು ನೋಡಿದ್ದೇನೆ.

ಯಾವ ಮ್ಯಾಗ್ನೆಟೊ ಯಾವ ಪ್ಲಗ್‌ಗೆ ಕಿಡಿ ಕೊಡುತ್ತದೆ ಎಂಬುದು ಬಾಯಿಪಾಠವಾಗಿರಬೇಕು. ಲೈಕಮಿಂಗ್ ಎಂಜಿನ್ನಿನಲ್ಲಿ ಎಣಿಕೆ ಮುಂಭಾಗದಿಂದ, ಅಂದರೆ ಪ್ರೊಪೆಲ್ಲರ್‌ನ ಕಡೆಯಿಂದ ಆರಂಭವಾಗುತ್ತದೆ: ಪೈಲಟ್ ಕುಳಿತ ದಿಕ್ಕಿನಿಂದ ನೋಡಿದರೆ ಬಲಕ್ಕೆ 1 ಮತ್ತು 3, ಎಡಕ್ಕೆ 2 ಮತ್ತು 4. ಕಿಡಿಯ ಸರದಿ 1-3-2-4. ಬಲ ಮ್ಯಾಗ್ನೆಟೊ ಬಲಗಡೆಯ ಕೆಳ ಪ್ಲಗ್‌ಗಳಿಗೂ ಎಡಗಡೆಯ ಮೇಲಿನ ಪ್ಲಗ್‌ಗಳಿಗೂ ಕಿಡಿ ಕೊಡುತ್ತದೆ. ಎಡ ಮ್ಯಾಗ್ನೆಟೊ ಎಡಗಡೆಯ ಕೆಳಗಿನವಕ್ಕೂ ಬಲಗಡೆಯ ಮೇಲಿನವಕ್ಕೂ. ಹೀಗಿರುವುದರಿಂದ "ಬಲ ಮ್ಯಾಗ್ನೆಟೊ" ಎಂದು ಓದಿದ ಕೂಡಲೇ ಎಂಟು ಪ್ಲಗ್‌ಗಳಲ್ಲಿ ನಾಲ್ಕು ಲೆಕ್ಕದಿಂದ ಹೊರಗೆ ಹೋದವು. ಎಣ್ಣೆಯೂ ಸೀಸವೂ ಇಳಿದು ನಿಲ್ಲುವುದು ಕೆಳಗಿನ ಪ್ಲಗ್‌ಗಳಲ್ಲಾದ್ದರಿಂದ ಉಳಿದ ನಾಲ್ಕರಲ್ಲೂ ಮೊದಲ ಗುಮಾನಿ 1 ಮತ್ತು 3ರ ಕೆಳ ಪ್ಲಗ್‌ಗಳ ಮೇಲೆ ಬೀಳಬೇಕು. ಎಂಜಿನ್ನಿನ ಹೊರಕವಚವಾದ ಕೌಲಿಂಗ್ ಬಿಚ್ಚುವ ಮೊದಲೇ ಇಷ್ಟು ಕೆಲಸ ಮುಗಿದಿರುತ್ತದೆ.

ದೂರನ್ನು ನೀವೇ ಒಮ್ಮೆ ಕೇಳಿಸಿಕೊಳ್ಳುವುದು

ಸಾಧ್ಯವಿದ್ದರೆ ಪೈಲಟ್ ಹೊರಡುವ ಮೊದಲೇ ಅವರನ್ನು ಮಾತನಾಡಿಸಬೇಕು. ಎಂಜಿನ್ ತಣ್ಣಗಿತ್ತೇ, ಆಗಲೇ ಒಂದು ಹಾರಾಟ ಮುಗಿಸಿತ್ತೇ? ಟ್ಯಾಕ್ಸಿ ಮಾಡುವಾಗ ಸರದಿಗಾಗಿ ಎಷ್ಟು ಹೊತ್ತು ಕಾಯಬೇಕಾಯಿತು? ಮಿಕ್ಸ್‌ಚರ್, ಅಂದರೆ ಗಾಳಿ-ಇಂಧನದ ಮಿಶ್ರಣ, ಪೂರ್ತಿ ರಿಚ್ (ಇಂಧನ ಹೆಚ್ಚಿರುವಂತೆ) ಇತ್ತೇ? ಇಳಿಕೆ ಥಟ್ಟನೆ ಬಿತ್ತೇ, ನಿಧಾನವಾಗಿ ಜಾರಿತೇ? ಈ ನಾಲ್ಕೈದು ಪ್ರಶ್ನೆಗಳ ಉತ್ತರ ಒಂದು ಗಂಟೆಯ ಬಿಚ್ಚಾಟವನ್ನು ಉಳಿಸಬಲ್ಲದು. ಹೊಸ ವಿದ್ಯಾರ್ಥಿಗಳು ಬೈಸಿಕೊಳ್ಳುವ ಭಯದಲ್ಲಿ "ಎಲ್ಲವೂ ಸರಿಯಾಗಿಯೇ ಮಾಡಿದೆ, ಸರ್" ಎಂದುಬಿಡುತ್ತಾರೆ. ಬೈಯುವುದಿಲ್ಲ ಎಂಬ ನಂಬಿಕೆ ಹುಟ್ಟಿಸಿದ ಮೇಲೆ ಕೇಳಿದರೆ ನಿಜ ಹೊರಬರುತ್ತದೆ.

ಆಮೇಲೆ ಗ್ರೌಂಡ್ ರನ್, ಅಂದರೆ ನೆಲದ ಮೇಲೇ ಎಂಜಿನ್ ಓಡಿಸಿ ನೋಡುವ ಪರೀಕ್ಷೆ. ವಿಮಾನದ ಮೂಗು ಗಾಳಿಗೆ ಎದುರಾಗಿರಬೇಕು, ಗಾಲಿಗಳಿಗೆ ಚಾಕ್ ಇಟ್ಟಿರಬೇಕು, ಹಿಂದೆ ಯಾವ ವಿಮಾನವೂ ಮನುಷ್ಯರೂ ಇರಬಾರದು, ಬೆಂಕಿ ಆರಿಸುವ ಸಿಲಿಂಡರ್ ಕೈಗೆಟಕುವಂತಿರಬೇಕು, ಗ್ರೌಂಡ್ ರನ್ ಮಾಡಲು ಅನುಮತಿಯುಳ್ಳವರೇ ಒಳಗೆ ಕುಳಿತಿರಬೇಕು. ಎಂಜಿನ್ನಿನ ತೈಲ ಬಿಸಿಯಾಗುವವರೆಗೆ ಕಾದು 1800ಕ್ಕೆ ತಂದು, ಕೀಲಿಯನ್ನು ಎರಡೂ ಮ್ಯಾಗ್ನೆಟೊಗಳ ಸ್ಥಾನದಿಂದ ಬಲಕ್ಕೆ ತಿರುಗಿಸಿ, ಅಂಕಿಯನ್ನು ಓದಿ, ಮತ್ತೆ ಎರಡಕ್ಕೂ ತಂದು, ಆರ್‌ಪಿಎಂ ಪೂರ್ತಿ ಚೇತರಿಸಿಕೊಂಡ ಮೇಲೆ ಎಡಕ್ಕೆ ತಿರುಗಿಸಬೇಕು. ನಡುವೆ ಚೇತರಿಸಿಕೊಳ್ಳಲು ಬಿಡದೆ ಬಲದಿಂದ ನೇರವಾಗಿ ಎಡಕ್ಕೆ ಹಾರಿದರೆ ಎರಡನೆಯ ಅಂಕಿ ಸುಳ್ಳು ಹೇಳುತ್ತದೆ.

ಇಳಿದ ಅಂಕಿಗಿಂತ ಇಳಿದ ರೀತಿಯ ಕಡೆಗೇ ನಾನು ಹೆಚ್ಚು ಗಮನ ಕೊಡುತ್ತೇನೆ. ಕೀಲಿ ತಿರುಗಿಸಿದ ಕ್ಷಣದಲ್ಲೇ ಥಟ್ಟನೆ ಬಿದ್ದು ವಿಮಾನದ ಮೈಯೆಲ್ಲ ನಡುಗಿದರೆ ಯಾವುದೋ ಒಂದು ಸಿಲಿಂಡರ್ ಉರಿಯುತ್ತಿಲ್ಲ. ದೋಷ ಒಂದು ಪ್ಲಗ್‌ನಲ್ಲೋ ಮ್ಯಾಗ್ನೆಟೊದಿಂದ ಅದಕ್ಕೆ ಬರುವ ತಂತಿಯಾದ ಲೀಡ್‌ನಲ್ಲೋ ಇದೆ. ಇಳಿಕೆ ದೊಡ್ಡದಾಗಿದ್ದೂ ಎಂಜಿನ್ ನಯವಾಗಿಯೇ ಓಡುತ್ತಿದ್ದರೆ ನಾಲ್ಕೂ ಸಿಲಿಂಡರ್‌ಗಳು ಸಮನಾಗಿ ಸೋಲುತ್ತಿವೆ. ಅಂದರೆ ಕಿಡಿ ತಡವಾಗಿ ಹಾರುತ್ತಿದೆ ಅಥವಾ ಮಿಶ್ರಣ ಅತಿಯಾಗಿ ರಿಚ್ ಆಗಿದೆ. ಎಡ ಬಲ ಎರಡರಲ್ಲೂ ಒಂದೇ ಬಗೆಯ ನಯವಾದ ದೊಡ್ಡ ಇಳಿಕೆ ಇದ್ದರೆ ಮ್ಯಾಗ್ನೆಟೊಗಳನ್ನು ಮುಟ್ಟುವ ಮೊದಲು ಮಿಕ್ಸ್‌ಚರ್ ಅನ್ನು ಸ್ವಲ್ಪ ಹಿಂದಕ್ಕೆ ಎಳೆದು, ಅಂದರೆ ಇಂಧನವನ್ನು ಕಡಿಮೆ ಮಾಡಿ, ಪರೀಕ್ಷೆಯನ್ನು ಮತ್ತೆ ಮಾಡಬೇಕು; ಬೆಂಗಳೂರಿನಂಥ ಎತ್ತರದ ಊರಿನಲ್ಲಿ ಎಷ್ಟೋ ಸ್ನ್ಯಾಗ್‌ಗಳು ಅಲ್ಲಿಗೇ ಮುಗಿಯುತ್ತವೆ. ಇಳಿಕೆ ಸೊನ್ನೆಯಾದರೆ ಅದು ಸಂತೋಷದ ಸಂಗತಿಯಲ್ಲ. ಅದರ ವಿಷಯ ಮುಂದೆ ಬರುತ್ತದೆ.

ಉರಿಯದ ಸಿಲಿಂಡರ್ ಯಾವುದು

ಜಿ1000 ಪರದೆಯಿರುವ ವಿಮಾನದಲ್ಲಿ ನಾಲ್ಕೂ ಸಿಲಿಂಡರ್‌ಗಳ ಎಕ್ಸಾಸ್ಟ್ ತಾಪಮಾನ ಬೇರೆ ಬೇರೆಯಾಗಿ ಕಾಣುತ್ತದೆ. ಒಂದೇ ಮ್ಯಾಗ್ನೆಟೊ ಮೇಲೆ ಓಡುವಾಗ ದಹನ ತಡವಾಗಿ ಮುಗಿಯುವುದರಿಂದ ಸರಿಯಾಗಿರುವ ಸಿಲಿಂಡರ್‌ಗಳ ಎಕ್ಸಾಸ್ಟ್ ತಾಪಮಾನ ಏರುತ್ತದೆ. ಯಾವುದು ಏರದೆ ಕುಸಿಯುತ್ತದೋ ಅದೇ ಉರಿಯದ ಸಿಲಿಂಡರ್. ಮುಳ್ಳಿನ ಮೀಟರ್‌ಗಳ ಹಳೆಯ ವಿಮಾನದಲ್ಲಿ ಈ ಅನುಕೂಲವಿಲ್ಲ. ಅಲ್ಲಿ ತಣ್ಣಗಿರುವ ಎಂಜಿನ್ನನ್ನು ಚಾಲೂ ಮಾಡಿ, ದೋಷವಿರುವ ಮ್ಯಾಗ್ನೆಟೊ ಒಂದರ ಮೇಲೆಯೇ 1000ರಿಂದ 1200 ಆರ್‌ಪಿಎಂನಲ್ಲಿ ಒಂದು ನಿಮಿಷದಷ್ಟು ಓಡಿಸಿ, ನಿಲ್ಲಿಸಿ, ಪ್ರತಿ ಸಿಲಿಂಡರ್‌ನಿಂದ ಹೊರಡುವ ಎಕ್ಸಾಸ್ಟ್ ಪೈಪಿನ ಬುಡದ ಬಿಸಿಯನ್ನು ಇನ್‌ಫ್ರಾರೆಡ್ ಥರ್ಮಾಮೀಟರ್‌ನಿಂದ ಅಳೆಯಬೇಕು. ಹಳಬರು ದೋಸೆ ಕಾವಲಿ ಕಾದಿದೆಯೇ ಎಂದು ನೋಡುವಂತೆ ಒಂದೊಂದು ಹನಿ ನೀರು ಚಿಮುಕಿಸಿ ನೋಡುತ್ತಿದ್ದರು. ಚುರ್ ಎನ್ನದ ಪೈಪು ಸಿಕ್ಕಿತೆಂದರೆ ಸಿಲಿಂಡರ್ ಸಿಕ್ಕಿತು. ಥರ್ಮಾಮೀಟರ್ ಸಿಗುವ ಈ ಕಾಲದಲ್ಲಿ ನೀರು ಬೇಕಿಲ್ಲ, ಉಪಾಯ ಮಾತ್ರ ಅದೇ.

ಇಲ್ಲಿ ಒಂದು ಎಚ್ಚರಿಕೆಯನ್ನು ಬರೆಯದೆ ಮುಂದೆ ಹೋಗಲಾಗದು. ಮ್ಯಾಗ್ನೆಟೊಗೆ ಬ್ಯಾಟರಿ ಬೇಕಿಲ್ಲ; ಒಳಗಿನ ಆಯಸ್ಕಾಂತ ತಿರುಗಿದರೆ ಸಾಕು. ಕೀಲಿ ಕಿಸೆಯಲ್ಲಿದ್ದರೂ, ಮಾಸ್ಟರ್ ಸ್ವಿಚ್ ಆಫ್ ಆಗಿದ್ದರೂ, ಗ್ರೌಂಡ್ ತಂತಿ ಒಂದು ಕಡಿದುಹೋಗಿದ್ದರೆ ಕೈಯಿಂದ ತಿರುಗಿಸಿದ ಪ್ರೊಪೆಲ್ಲರ್ ಎಂಜಿನ್ನನ್ನು ಚಾಲೂ ಮಾಡಬಲ್ಲದು. ಕಿಡಿಯ ದೋಷವನ್ನೇ ಹುಡುಕುತ್ತಿರುವ ವಿಮಾನದಲ್ಲಿ ಈ ಅಪಾಯ ಇನ್ನೂ ಹೆಚ್ಚು. ಪ್ರೊಪೆಲ್ಲರ್ ತಿರುಗಿಸಬೇಕಾದ ಕೆಲಸವಿದ್ದರೆ ಮೊದಲು ಪ್ರತಿ ಸಿಲಿಂಡರ್‌ನ ಮೇಲಿನ ಪ್ಲಗ್ ತೆಗೆದಿರಬೇಕು.

ಪ್ಲಗ್ ಹೇಳುವ ಕತೆ

ಬಿಚ್ಚಿದ ಪ್ಲಗ್‌ಗಳನ್ನು ತಟ್ಟೆಯಲ್ಲಿ ಸುರಿಯಬಾರದು. ಸಂಖ್ಯೆ ಮತ್ತು ಮೇಲೆ-ಕೆಳಗೆ ಎಂದು ಗುರುತು ಮಾಡಿದ ರಂಧ್ರಗಳ ಹಲಗೆಯಲ್ಲಿ ಬಿಚ್ಚಿದ ಕ್ರಮದಲ್ಲೇ ನಿಲ್ಲಿಸಬೇಕು, ಏಕೆಂದರೆ ಯಾವುದು ಎಲ್ಲಿಂದ ಬಂದಿತು ಎಂಬುದೇ ಮಾಹಿತಿಯ ಅರ್ಧ. ತುದಿ ತೆಳುವಾದ ಕಂದು ಅಥವಾ ಬೂದು ಬಣ್ಣದಲ್ಲಿ ಒಣಗಿದ್ದರೆ ಸರಿಯಾಗಿದೆ. ಒಲೆಯ ಮಸಿಯಂತೆ ಒಣ ಕಪ್ಪು ಕಟ್ಟಿದ್ದರೆ ಮಿಶ್ರಣ ರಿಚ್. ಜಿಡ್ಡು ಜಿಡ್ಡಾಗಿ ಒದ್ದೆಯಾಗಿದ್ದರೆ ಪಿಸ್ಟನ್ ರಿಂಗ್ ಅಥವಾ ವಾಲ್ವ್ ಗೈಡ್ ದಾಟಿ ಎಣ್ಣೆ ಬರುತ್ತಿದೆ. ಎಲೆಕ್ಟ್ರೋಡ್ ಮತ್ತು ಪಿಂಗಾಣಿಯ ನಡುವೆ ಸಾಸಿವೆ ಕಾಳಿನಂಥ ಗಟ್ಟಿ ಬೂದು ಗುಂಡುಗಳು ಸಿಕ್ಕಿಕೊಂಡಿದ್ದರೆ ಅದು ಸೀಸ. ಅಂದಹಾಗೆ ತಂತಿಯನ್ನು ಲೀಡ್ ಎಂದೂ ಲೋಹವನ್ನು ಸೀಸ ಎಂದೂ ಕರೆಯುವ ನಮಗೆ ಮಾತಿನಲ್ಲಿ ಗೊಂದಲವಿಲ್ಲ. ಲಾಗ್ ಪುಸ್ತಕದಲ್ಲಿ ಇಂಗ್ಲಿಷಿನಲ್ಲಿ ಬರೆಯುವಾಗ ಮಾತ್ರ ಎರಡಕ್ಕೂ ಒಂದೇ ಕಾಗುಣಿತವಾದ್ದರಿಂದ, ಯಾವುದೆಂದು ತಿಳಿಯುವಂತೆ ವಾಕ್ಯವನ್ನು ಬಿಡಿಸಿ ಬರೆಯಬೇಕಾಗುತ್ತದೆ.

ಈ ಸೀಸ ಬರುವುದು ಪೆಟ್ರೋಲಿನಿಂದಲೇ. ನೀಲಿ ಬಣ್ಣದ ಏವ್‌ಗ್ಯಾಸ್ 100ಎಲ್‌ಎಲ್‌ನಲ್ಲಿ ಲೀಟರಿಗೆ ಗರಿಷ್ಠ 0.56 ಗ್ರಾಂವರೆಗೆ ಸೀಸ ಇರಬಹುದು. ಹೆಸರಿನಲ್ಲಿ "ಕಡಿಮೆ ಸೀಸ" ಎಂದಿದ್ದರೂ ಪ್ಲಗ್‌ನ ಮಟ್ಟಿಗೆ ಅದು ಕಡಿಮೆಯೇನಲ್ಲ. ಇದನ್ನು ಹೊರಹಾಕಲೆಂದು ಇಂಧನದಲ್ಲಿ ಎಥಿಲೀನ್ ಡೈಬ್ರೋಮೈಡ್ ಬೆರೆಸಿರುತ್ತಾರೆ. ಅದು ಸೀಸದೊಡನೆ ಕೂಡಿ ಆವಿಯಾಗಿ ಎಕ್ಸಾಸ್ಟ್‌ನಲ್ಲಿ ಹೋಗಬೇಕಾದರೆ ಪ್ಲಗ್‌ನ ಪಿಂಗಾಣಿಯ ತುದಿ ಸುಮಾರು 425 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿಯಾಗಿರಬೇಕು. 700 ಆರ್‌ಪಿಎಂನಲ್ಲಿ, ಪೂರ್ತಿ ರಿಚ್ ಮಿಶ್ರಣದಲ್ಲಿ, ರನ್‌ವೇಯ ಪಕ್ಕದಲ್ಲಿ ಹತ್ತು ನಿಮಿಷ ಕಾಯುವ ವಿಮಾನದ ಪ್ಲಗ್ ಆ ಬಿಸಿಯ ಹತ್ತಿರಕ್ಕೂ ಬರುವುದಿಲ್ಲ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಪ್ರಮಾಣಿತ ವಾತಾವರಣದ ಲೆಕ್ಕದಲ್ಲೇ ಅಲ್ಲಿನ ಗಾಳಿಯ ಸಾಂದ್ರತೆ ಶೇ. 8ರಷ್ಟು ಕಡಿಮೆ, 30 ಡಿಗ್ರಿ ಬಿಸಿಲಿನ ದಿನ ಅದು ಶೇ. 15ರ ಹತ್ತಿರಕ್ಕೆ ಹೋಗುತ್ತದೆ. ಗಾಳಿ ತೆಳುವಾದರೂ ಇಂಧನ ಆ ಪ್ರಮಾಣದಲ್ಲಿ ಇಳಿಯುವುದಿಲ್ಲವಾದ್ದರಿಂದ, ಮಂಗಳೂರಿನಲ್ಲಿ ಸರಿಯೆನಿಸುವ ಪೂರ್ತಿ ರಿಚ್ ಮಿಶ್ರಣ ಬೆಂಗಳೂರಿನ ಜಕ್ಕೂರು ವಿಮಾನ ನಿಲ್ದಾಣದ ನೆಲದ ಮೇಲೆ ಅತಿಯಾಗುತ್ತದೆ. ನೆಲದ ಮೇಲೆ ಮಿಕ್ಸ್‌ಚರ್ ಎಳೆದು ಓಡಿಸುವುದು, 1000ರಿಂದ 1200 ಆರ್‌ಪಿಎಂ ಕಾಯ್ದುಕೊಳ್ಳುವುದು, ನಿಲ್ಲಿಸುವ ಮೊದಲು 1800ರಲ್ಲಿ 15-20 ಸೆಕೆಂಡು ಓಡಿಸಿ ಪ್ಲಗ್‌ಗಳನ್ನು ಸುಟ್ಟುಕೊಳ್ಳುವುದು, ಇವು ಪೈಲಟ್‌ಗಳ ಕೆಲಸವಾದರೂ ಅದನ್ನು ಅವರಿಗೆ ನೆನಪಿಸುವುದು ನಮ್ಮ ಕೆಲಸದಲ್ಲೇ ಸೇರುತ್ತದೆ. ಟೇಕಾಫ್‌ಗೆ ಮುನ್ನ ಮಿಕ್ಸ್‌ಚರ್ ಅನ್ನು ಹಾರಾಟದ ಕೈಪಿಡಿ ಹೇಳುವ ಸ್ಥಿತಿಗೆ ಮರಳಿಸಬೇಕೆಂಬುದನ್ನೂ ಅದೇ ಉಸಿರಿನಲ್ಲಿ ಹೇಳಬೇಕು.

ಪ್ಲಗ್ ತೊಳೆಯುವ ವಿಧಾನ ಎಲ್ಲರಿಗೂ ಗೊತ್ತಿರುವುದರಿಂದ ಬೆಳೆಸುವುದಿಲ್ಲ. ಸೀಸದ ಗುಂಡುಗಳನ್ನು ಮೊದಲು ಕಂಪಿಸುವ ಸೂಜಿಯಿಂದ ಕೆದಕಿ ತೆಗೆದು, ಆಮೇಲೆ ಮರಳಿನ ಗಾಳಿಯನ್ನು ಸ್ವಲ್ಪವೇ ಹೊತ್ತು ಹಾಯಿಸಬೇಕು, ಮತ್ತು ಮರಳಿನ ಒಂದು ಕಣವೂ ಒಳಗೆ ಉಳಿಯಬಾರದು. ಸಾಧಾರಣ ದಪ್ಪ ಎಲೆಕ್ಟ್ರೋಡ್‌ನ ಪ್ಲಗ್‌ಗೆ ಗ್ಯಾಪ್ 0.016ರಿಂದ 0.021 ಇಂಚು. ಎಲೆಕ್ಟ್ರೋಡ್ ಅನ್ನು ಒಳಕ್ಕೆ ತಳ್ಳಬಹುದೇ ಹೊರತು ಮೀಟಿ ಹೊರಕ್ಕೆ ತರಬಾರದು. ಮೀಟಿದರೆ ಒಳಗಿನ ಪಿಂಗಾಣಿ ಸೀಳುತ್ತದೆ ಮತ್ತು ಆ ಸೀಳು ಕಣ್ಣಿಗೆ ಕಾಣುವುದಿಲ್ಲ. ಇದೇ ಕಾರಣಕ್ಕೆ ಕೈತಪ್ಪಿ ನೆಲಕ್ಕೆ ಬಿದ್ದ ಪ್ಲಗ್ ಎಷ್ಟೇ ಹೊಸದಾಗಿದ್ದರೂ ಕಸದ ಬುಟ್ಟಿಗೆ ಹೋಗಬೇಕು. ಒಳಗಿರುವ ರೆಸಿಸ್ಟರ್ ಅನ್ನು ಮಲ್ಟಿಮೀಟರ್‌ನಿಂದ ಅಳೆದು, 5000 ಓಮ್ ದಾಟಿದ್ದನ್ನು ಮತ್ತೆ ಹಾಕದಿರುವುದು ಒಳ್ಳೆಯದು. ಹಾಕುವಾಗ ಹೊಸ ತಾಮ್ರದ ವಾಷರ್, ಎಲೆಕ್ಟ್ರೋಡ್‌ಗೆ ತಾಗದಂತೆ ಮೇಲಿನ ಎಳೆಗಳಿಗೆ ಮಾತ್ರ ತುಸು ಆ್ಯಂಟಿ-ಸೀಜ್, ಮತ್ತು ಟಾರ್ಕ್ ರೆಂಚ್‌ನಲ್ಲಿ 30ರಿಂದ 35 ಅಡಿ-ಪೌಂಡ್.

ಮೂರು ಸಲ ಮರಳಿ ಬಂದ ಸ್ನ್ಯಾಗ್

ಆರಂಭದಲ್ಲಿ ಹೇಳಿದ 220ರ ಇಳಿಕೆಗೆ ಈಗ ಬರುತ್ತೇನೆ. ಒಂದು ತರಬೇತಿ ಶಾಲೆಯಲ್ಲಿ, ಜುಲೈ ತಿಂಗಳ ಜಿಟಿಜಿಟಿ ಮಳೆಯ ಬೆಳಗ್ಗೆ, ಮೊದಲ ಹಾರಾಟಕ್ಕೆ ಹೊರಟ ವಿಮಾನ, ಟೇಕಾಫ್‌ಗೆ ಮುನ್ನ ಎಂಜಿನ್ ಪರೀಕ್ಷಿಸುವ ರನ್-ಅಪ್ ಜಾಗದಿಂದ ಮರಳಿ ಬಂತು. ಇಳಿಕೆ ಥಟ್ಟನೆಯದು, ನಡುಕದ್ದು. ತಣ್ಣಗಿದ್ದದ್ದು 3ನೇ ಸಿಲಿಂಡರ್. ಅದರ ಕೆಳ ಪ್ಲಗ್‌ನಲ್ಲಿ ಸೀಸದ ಗುಂಡುಗಳಿದ್ದವು. ತೊಳೆದು ಹಾಕಿದ ಮೇಲೆ ಇಳಿಕೆ 90ಕ್ಕೆ ಬಂತು, ವಿಮಾನ ಹೋಯಿತು. ಎರಡು ದಿನದ ಬಳಿಕ ಅದೇ ಸಾಲು ಟೆಕ್ ಲಾಗ್‌ನಲ್ಲಿ ಮತ್ತೆ ಕಾಣಿಸಿತು. ಮತ್ತೆ 3ರ ಕೆಳ ಪ್ಲಗ್, ಮತ್ತೆ ತೊಳೆದದ್ದು, ಮತ್ತೆ ಸರಿಯಾದದ್ದು. ಹ್ಯಾಂಗರ್‌ನಲ್ಲಿ ಎಲ್ಲರೂ ಮಳೆಯ ತೇವವನ್ನು ದೂರುತ್ತಿದ್ದೆವು, ನಾನೂ ಸೇರಿದಂತೆ.

ಎರಡನೆಯ ಸಲ ಒಂದೇ ಒಂದು ಬುದ್ಧಿವಂತಿಕೆಯ ಕೆಲಸ ನಡೆದಿತ್ತು: 3ರ ಕೆಳ ಪ್ಲಗ್ ಅನ್ನು 1ರ ಕೆಳಕ್ಕೂ 1ರದ್ದನ್ನು 3ಕ್ಕೂ ಅದಲುಬದಲು ಮಾಡಿ, ಅದನ್ನು ಜಾಬ್ ಕಾರ್ಡ್‌ನಲ್ಲಿ ಬರೆದಿಟ್ಟಿದ್ದೆವು. ಎರಡೂ ಬಲ ಮ್ಯಾಗ್ನೆಟೊದಿಂದಲೇ ಕಿಡಿ ಪಡೆಯುವ, ಎರಡೂ ಕೆಳಗೇ ಇರುವ ಪ್ಲಗ್‌ಗಳು. ಬದಲಾದದ್ದು ಪ್ಲಗ್ ಒಂದೇ. ದೋಷ ಪ್ಲಗ್‌ನದ್ದಾಗಿದ್ದರೆ ಮುಂದಿನ ಸಲ 1ನೇ ಸಿಲಿಂಡರ್ ತಣ್ಣಗಿರಬೇಕಿತ್ತು. ಮೂರನೆಯ ಸಲ ಸ್ನ್ಯಾಗ್ ಬಂದಾಗಲೂ ತಣ್ಣಗಿದ್ದದ್ದು 3ನೆಯದೇ. ಪ್ಲಗ್ ನಿರಪರಾಧಿ ಎಂದು ಅಲ್ಲಿಗೆ ತೀರ್ಮಾನವಾಯಿತು.

ಉಳಿದದ್ದು ಸಿಲಿಂಡರ್, ಲೀಡ್ ಅಥವಾ ಮ್ಯಾಗ್ನೆಟೊದ ಒಳಗೆ ಕಿಡಿಯನ್ನು ಸಿಲಿಂಡರ್‌ಗಳಿಗೆ ಹಂಚುವ ಡಿಸ್ಟ್ರಿಬ್ಯೂಟರ್. ಎಡ ಮ್ಯಾಗ್ನೆಟೊ ಮೇಲೆ ಅದೇ ಸಿಲಿಂಡರ್ ಚೆನ್ನಾಗಿ ಉರಿಯುತ್ತಿದ್ದುದರಿಂದ ಅದಕ್ಕೆ ಬರುವ ಇಂಧನದಲ್ಲಿ ತೊಂದರೆಯಿಲ್ಲವೆಂದು ತಿಳಿಯಿತು. ಬಿಸಿ ಎಂಜಿನ್ನಿನ ಮೇಲೆ ಕಂಪ್ರೆಶನ್ ಪರೀಕ್ಷೆ ಮಾಡಿದಾಗ 80 ಪಿಎಸ್‌ಐ ಒತ್ತಡಕ್ಕೆ 3ನೇ ಸಿಲಿಂಡರ್ 76ನ್ನು ಹಿಡಿದು ನಿಲ್ಲಿಸಿತು, ಉಳಿದವೂ ಅದರ ಆಸುಪಾಸಿನಲ್ಲೇ ಇದ್ದವು. ಎಲ್ಲವೂ 70ರ ಮೇಲಿದ್ದು ಪರಸ್ಪರ ಅಂತರ 5ನ್ನು ಮೀರದಿದ್ದರೆ ಲೈಕಮಿಂಗ್ ಅದನ್ನು ತೃಪ್ತಿಕರ ಎನ್ನುತ್ತದೆ. ಎಣ್ಣೆಯ ಒದ್ದೆಯೂ ಇರಲಿಲ್ಲ. ಸಿಲಿಂಡರ್ ಕೂಡ ಪಟ್ಟಿಯಿಂದ ಹೊರಗೆ ಹೋಯಿತು.

ಲೀಡ್ ಅನ್ನು ಹಿಂದಿನ ಸಲವೇ ಮಲ್ಟಿಮೀಟರ್‌ನಿಂದ ನೋಡಿ ಸರಿಯಿದೆ ಎಂದು ಜಾಬ್ ಕಾರ್ಡ್‌ನಲ್ಲಿ ಬರೆದಿತ್ತು. ಆ ಪರೀಕ್ಷೆಯೇ ನಮ್ಮನ್ನು ದಾರಿ ತಪ್ಪಿಸಿದ್ದು. ಮಲ್ಟಿಮೀಟರ್ ತನ್ನ ಒಂಬತ್ತು ವೋಲ್ಟ್ ಬ್ಯಾಟರಿಯಿಂದ ತಂತಿ ತುಂಡಾಗಿಲ್ಲ ಎಂದಷ್ಟೇ ಹೇಳಬಲ್ಲದು. ಸಾವಿರಾರು ವೋಲ್ಟ್ ಹರಿದಾಗ ತಂತಿಯ ಹೊದಿಕೆ ಅದನ್ನು ತಡೆದು ನಿಲ್ಲಿಸುತ್ತದೆಯೇ ಎಂಬುದು ಅದಕ್ಕೆ ತಿಳಿಯದು. ಕೊಡದಲ್ಲಿ ತೂತಿದೆಯೇ ಎಂದು ನೋಡಬೇಕಾದರೆ ನೀರು ತುಂಬಬೇಕು. ಹಾರ್ನೆಸ್ (ಲೀಡ್‌ಗಳ ಕಟ್ಟು) ಟೆಸ್ಟರ್ ತಂದು ಅಧಿಕ ವೋಲ್ಟೇಜ್ ಕೊಟ್ಟು ಬಲ ಮ್ಯಾಗ್ನೆಟೊದ ನಾಲ್ಕೂ ಲೀಡ್‌ಗಳನ್ನು ಒಂದೊಂದಾಗಿ ಪರೀಕ್ಷಿಸಿದಾಗ, ಮೂರು ತಡೆದುಕೊಂಡವು, 3ನೇ ಸಿಲಿಂಡರಿನದ್ದು ಸೋರಿತು. ಸೋರಿದ್ದು ತಂತಿಯ ನಡುವಿನಲ್ಲಲ್ಲ. ಪ್ಲಗ್‌ನ ಬಾಯಿಯೊಳಗೆ ಕೂರುವ, ಸಿಗರೇಟಿನಂತೆ ಉದ್ದಗಿರುವ ಬಿಳಿಯ ತುದಿಯಲ್ಲಿ ಕೂದಲೆಳೆಯಷ್ಟು ಸೀಳು, ಆ ಸೀಳಿನಿಂದ ಒಣ ಮರದ ಕೊಂಬೆಯಂತೆ ಕವಲೊಡೆದ ಕಪ್ಪು ಗೆರೆ. ಅದಕ್ಕೆ ಎದುರಾಗಿ ಪ್ಲಗ್‌ನ ಒಳಗೋಡೆಯ ಮೇಲೂ ಅಂಥದೇ ಒಂದು ಗೆರೆ.

ತೊಳೆದಾಗಲೆಲ್ಲ ಅದೇಕೆ ಸರಿಹೋಗುತ್ತಿತ್ತು ಎಂಬುದು ಆಗ ಅರ್ಥವಾಯಿತು. ಶುಚಿಯಾದ ಪ್ಲಗ್‌ನ ಗ್ಯಾಪ್ ಅನ್ನು ದಾಟಲು ಕಿಡಿಗೆ ಕಡಿಮೆ ವೋಲ್ಟೇಜ್ ಸಾಕಾಗುವುದರಿಂದ ಅದು ಸೀಳಿನ ಕಡೆ ಹೋಗದೆ ತನ್ನ ದಾರಿಯಲ್ಲೇ ಹೋಗುತ್ತಿತ್ತು. ಆದರೂ ಸೀಳಿನಲ್ಲಿ ಸ್ವಲ್ಪ ಶಕ್ತಿ ಪೋಲಾಗಿ ಕಿಡಿ ಬಡವಾಗುತ್ತಿತ್ತು. ಬಡ ಕಿಡಿಯ ಪ್ಲಗ್ ತನ್ನ ಮೇಲಿನ ಕೊಳೆಯನ್ನು ಸುಟ್ಟುಕೊಳ್ಳಲಾರದೆ ಬೇಗ ಸೀಸ ಕಟ್ಟಿಕೊಳ್ಳುತ್ತಿತ್ತು. ಕೊಳೆ ಒಂದು ಮಟ್ಟ ಮೀರಿದ ಮೇಲೆ ಕಿಡಿಗೆ ಸೀಳೇ ಸುಲಭದ ದಾರಿಯಾಗುತ್ತಿತ್ತು. ನಾವು ಪ್ಲಗ್‌ನಲ್ಲಿ ಕಂಡ ಸೀಸ ದೋಷದ ಕಾರಣವೂ ಹೌದು, ಫಲವೂ ಹೌದು.

ಸೀಳು ಎಲ್ಲಿಂದ ಬಂತು ಎಂಬುದನ್ನು ಬರೆಯಲು ಸ್ವಲ್ಪ ಸಂಕೋಚವಾಗುತ್ತದೆ. ಲೀಡ್‌ನ ನಟ್ಟನ್ನು ಬಿಗಿಯುವಾಗ ಇನ್ನೊಂದು ಕೈಯಲ್ಲಿ ಲೀಡ್‌ನ ಕೊರಳನ್ನು ಅಲುಗದಂತೆ ಹಿಡಿದಿರಬೇಕು. ಹಿಡಿಯದಿದ್ದರೆ ನಟ್ಟಿನೊಡನೆ ತಂತಿಯೂ ತಿರುಚಿಕೊಂಡು ಒಳಗಿನ ತುದಿ ಪ್ಲಗ್‌ನ ಗೋಡೆಗೆ ಒತ್ತಿ ಬಾಗುತ್ತದೆ. 3ನೇ ಸಿಲಿಂಡರಿನ ಕೆಳಭಾಗ ಹಿಂದುಗಡೆಯ ಇಕ್ಕಟ್ಟಿನಲ್ಲಿದೆ. ಎರಡೂ ಕೈ ಸಲೀಸಾಗಿ ಹೋಗುವುದಿಲ್ಲ. ಒಂದೇ ಕೈಯಲ್ಲಿ ಬಿಗಿದವರು ಯಾರೆಂದು ನಾವು ಹುಡುಕಲಿಲ್ಲ, ಏಕೆಂದರೆ ಆ ಇಕ್ಕಟ್ಟಿನಲ್ಲಿ ಒಮ್ಮೆಯೂ ಹಾಗೆ ಮಾಡಿಲ್ಲ ಎನ್ನುವವರು ನಮ್ಮಲ್ಲಿ ಯಾರೂ ಇರಲಿಲ್ಲ. ಇದರ ಜೊತೆಗೆ ಬೆವರಿದ ಬೆರಳಿನಿಂದ ಆ ಬಿಳಿಯ ತುದಿಯನ್ನು ಮುಟ್ಟುವ ಅಭ್ಯಾಸವನ್ನೂ ಬಿಡಬೇಕು. ಬೆರಳಿನ ಉಪ್ಪು ಮತ್ತು ಜಿಡ್ಡು ಕಿಡಿಗೆ ಹರಿಯಲು ಕಾಲುವೆ ತೋಡಿಕೊಟ್ಟಂತೆ. ಕೈಪಿಡಿ ಒಪ್ಪುವ ದ್ರಾವಕದಲ್ಲಿ ಅದ್ದಿದ ಶುಭ್ರ ಬಟ್ಟೆಯಿಂದ ಒರೆಸಿ, ಒಣಗಿದ ಮೇಲೆ, ಮುಟ್ಟದೆ ಒಳಗೆ ಇಳಿಸಬೇಕು.

ಮ್ಯಾಗ್ನೆಟೊದ ಸರದಿ ಬಂದಾಗ

ಪ್ಲಗ್, ಲೀಡ್, ಸಿಲಿಂಡರ್ ಮೂರೂ ಸರಿಯಿದ್ದು ದೋಷ ಉಳಿದರೆ, ಅಥವಾ ಇಳಿಕೆ ನಯವಾಗಿ ದೊಡ್ಡದಾಗಿದ್ದರೆ ಮ್ಯಾಗ್ನೆಟೊ ಕಡೆಗೆ ತಿರುಗಬೇಕು. ಮೊದಲು ನೋಡಬೇಕಾದದ್ದು ಎಂಜಿನ್ನಿಗೆ ಕೂಡಿಸಿದ ಟೈಮಿಂಗ್. ಈ ಎಂಜಿನ್ನಿನಲ್ಲಿ 1ನೇ ಸಿಲಿಂಡರ್‌ನ ಕಂಪ್ರೆಶನ್ ಸ್ಟ್ರೋಕ್‌ನಲ್ಲಿ ಪಿಸ್ಟನ್ ತುದಿ ಮುಟ್ಟುವುದಕ್ಕೆ 25 ಡಿಗ್ರಿ ಮುಂಚೆ ಕಿಡಿ ಹಾರಬೇಕು. ಲೈಕಮಿಂಗ್‌ನ ಬೇರೆ ಕೆಲವು ಎಂಜಿನ್‌ಗಳಲ್ಲಿ ಅದು 20 ಡಿಗ್ರಿ, ಆದ್ದರಿಂದ ನೆನಪಿನಿಂದ ಕೆಲಸ ಮಾಡದೆ ಡೇಟಾ ಪ್ಲೇಟ್ ಓದಬೇಕು. ಪ್ರೊಪೆಲ್ಲರ್ ಅನ್ನು ಓಡುವ ದಿಕ್ಕಿನಲ್ಲಿ ತಿರುಗಿಸುತ್ತ ಬಂದಾಗ ಚಾಲೂ ಮಾಡಲು ನೆರವಾಗುವ, ಸ್ಪ್ರಿಂಗ್ ಇರುವ ಇಂಪಲ್ಸ್ ಕಪ್ಲಿಂಗ್ "ಟಕ್" ಎಂದು ಬಿಟ್ಟ ಮೇಲೆ, ಗುರುತನ್ನು ದಾಟಿ ಹಿಂದಕ್ಕೆ ಹೋಗಿ, ಮತ್ತೆ ಮುಂದಕ್ಕೆ ತರುತ್ತ, ಗೇರುಗಳ ಸಡಿಲವನ್ನೆಲ್ಲ ಒಂದೇ ದಿಕ್ಕಿಗೆ ಎಳೆದುಕೊಂಡು ಟೈಮಿಂಗ್ ಲೈಟ್ ನೋಡಬೇಕು.

ಟೈಮಿಂಗ್ ಸರಿದಿದ್ದರೆ ಏಕೆ ಸರಿಯಿತೆಂದು ಕೇಳಬೇಕು. ಕಾಂಟ್ಯಾಕ್ಟ್ ಪಾಯಿಂಟ್‌ಗಳನ್ನು ಎತ್ತುವ ಕ್ಯಾಮ್ ಫಾಲೋವರ್ ಸವೆದರೆ ಪಾಯಿಂಟ್ ತಡವಾಗಿ ತೆರೆದು ಕಿಡಿ ತಡವಾಗುತ್ತದೆ. ಪಾಯಿಂಟ್‌ಗಳ ಮುಖವೇ ಸುಟ್ಟು ಸವೆದರೆ ಬೇಗ ತೆರೆದು ಕಿಡಿ ಮುಂಚಿತವಾಗುತ್ತದೆ. ಮ್ಯಾಗ್ನೆಟೊದ ಮೈಯನ್ನು ತುಸು ತಿರುಗಿಸಿ ಹೊರಗಿನ ಟೈಮಿಂಗ್ ಸರಿಪಡಿಸಿಬಿಟ್ಟರೆ ಒಳಗಿನ ಸವೆತ ಹಾಗೇ ಉಳಿದು ಕಿಡಿ ಮಾತ್ರ ಬಡವಾಗುತ್ತದೆ. ಸ್ಲಿಕ್ ಮ್ಯಾಗ್ನೆಟೊಗಳಿಗೆ 500 ಗಂಟೆಗೊಮ್ಮೆ ಬಿಚ್ಚಿ ನೋಡುವ ತಪಾಸಣೆ ಇರುವುದು ಇದಕ್ಕೇ. ಬೆಳಗ್ಗೆ ಸರಿಯಿದ್ದು, ಅರ್ಧ ಗಂಟೆ ಹಾರಿದ ಮೇಲೆ ಕೆಡುವ ಮ್ಯಾಗ್ನೆಟೊದಲ್ಲಿ ಕಾಯಿಲ್ ಅಥವಾ ಕಂಡೆನ್ಸರ್ ಬಿಸಿಗೆ ಸೋಲುತ್ತಿರುತ್ತದೆ. ಅದನ್ನು ತಣ್ಣಗಿನ ಬೆಂಚಿನ ಮೇಲೆ ಪರೀಕ್ಷಿಸಿ ಸರಿಯಿದೆ ಎಂದು ಹಿಂದಿರುಗಿಸಿದರೆ ಸ್ನ್ಯಾಗ್ ಕೂಡ ಅದರೊಡನೆ ಹಿಂದಿರುಗುತ್ತದೆ.

ಇಳಿಕೆಯೇ ಇಲ್ಲದಿದ್ದರೆ

ಕೀಲಿಯನ್ನು ಬಲಕ್ಕೆ ತಿರುಗಿಸಿದಾಗ ಎಡ ಮ್ಯಾಗ್ನೆಟೊ ಗ್ರೌಂಡ್ ಆಗಿ ಸುಮ್ಮನಾಗಬೇಕು. ಆರ್‌ಪಿಎಂ ಕದಲದಿದ್ದರೆ ಅದು ಸುಮ್ಮನಾಗಿಲ್ಲ: ಪಿ-ಲೀಡ್, ಅಂದರೆ ಮೊದಲೇ ಹೇಳಿದ ಗ್ರೌಂಡ್ ತಂತಿ, ಕಡಿದಿದೆ, ಸಡಿಲವಾಗಿದೆ ಅಥವಾ ಸ್ವಿಚ್ ಒಳಗೆ ಕೆಟ್ಟಿದೆ. ವಿಮಾನ ಹಾರಲು ಇದರಿಂದ ಅಡ್ಡಿಯಿಲ್ಲದ ಕಾರಣಕ್ಕೇ ಇದು ಗಮನ ತಪ್ಪಿಸಿಕೊಳ್ಳುತ್ತದೆ. ಸಂಜೆ ವಿಮಾನವನ್ನು ತೊಳೆಯಲು ಬಂದವರು ಪ್ರೊಪೆಲ್ಲರ್ ಅನ್ನು ಪಕ್ಕಕ್ಕೆ ತಿರುಗಿಸಿದಾಗ ಅಪಾಯ ಎದ್ದು ನಿಲ್ಲುತ್ತದೆ. ಸ್ವಿಚ್‌ಗಳ ಮೇಲಿನ ನಂಬಿಕೆ ಹಳೆಯ ಕಾಲದಿಂದಲೂ ಕಡಿಮೆಯೇ. ಬೆಂಡಿಕ್ಸ್ ಸ್ವಿಚ್‌ಗಳ ಬಗ್ಗೆ ಅಮೆರಿಕದ ವಿಮಾನಯಾನ ನಿಯಂತ್ರಕ ಸಂಸ್ಥೆ ಎಫ್‌ಎಎ ಹೊರಡಿಸಿದ 76-07-12 ಸಂಖ್ಯೆಯ ನಿರ್ದೇಶನದ ಪ್ರಕಾರ, ಪ್ರತಿ 100 ಗಂಟೆಗೊಮ್ಮೆ ಐಡ್ಲಿಂಗ್‌ನಲ್ಲಿ ಕೀಲಿಯನ್ನು ಕ್ಷಣಕಾಲ ಆಫ್‌ಗೆ ತಿರುಗಿಸಿ, ಎಂಜಿನ್ ಉಸಿರು ನಿಲ್ಲಿಸುತ್ತದೆಯೇ ಎಂದು ನೋಡಬೇಕು. ದೋಷ ಸಿಕ್ಕ ಕೂಡಲೇ ಪ್ರೊಪೆಲ್ಲರ್‌ಗೆ ಕೆಂಪು ಎಚ್ಚರಿಕೆಯ ಪಟ್ಟಿ ಕಟ್ಟಿ, ಆಮೇಲೆ ಟೆಕ್ ಲಾಗ್ ತೆರೆಯಬೇಕು. ಈ ಎರಡರ ಕ್ರಮ ಹಿಂದುಮುಂದಾಗಬಾರದು.

ಕೌಲಿಂಗ್ ಮುಚ್ಚುವ ಮೊದಲು

ನಮ್ಮ ಪ್ರಕರಣದಲ್ಲಿ 3ನೇ ಸಿಲಿಂಡರಿನ ಕೆಳ ಲೀಡ್ ಮತ್ತು ಕಪ್ಪು ಗೆರೆ ಬಿದ್ದಿದ್ದ ಪ್ಲಗ್ ಎರಡನ್ನೂ ಬದಲಿಸಲಾಯಿತು. ಸ್ಟೋರ್ಸ್‌ನಿಂದ ಬಂದ ಭಾಗಗಳ ಪ್ರಮಾಣಪತ್ರದ ಸಂಖ್ಯೆಯನ್ನು ಜಾಬ್ ಕಾರ್ಡ್‌ಗೆ ಇಳಿಸಿಕೊಂಡು, ಲೀಡ್, ತಂಪು ಗಾಳಿಯನ್ನು ತಿರುಗಿಸುವ ತಗಡಾದ ಬ್ಯಾಫಲ್‌ನ ಅಂಚಿಗೆ ಉಜ್ಜದಂತೆ ಕ್ಲ್ಯಾಂಪ್ ಹಾಕಿ, ಉಪಕರಣಗಳನ್ನು ಎಣಿಸಿ, ಗ್ರೌಂಡ್ ರನ್ ಮಾಡಿದೆವು. ಒಂದು ಸಲ ಸರಿಬಂದ ಅಂಕಿಯನ್ನು ಈ ವಿಮಾನದಲ್ಲಿ ನಂಬುವಂತಿರಲಿಲ್ಲ. ಆದ್ದರಿಂದ ಮುಂದಿನ ಹತ್ತು ಹಾರಾಟದ ಗಂಟೆಗಳವರೆಗೆ ಪ್ರತಿ ರನ್-ಅಪ್‌ನ ಎಡ-ಬಲ ಇಳಿಕೆಗಳನ್ನು ಬರೆದಿಡಲು ಬೋಧಕರನ್ನು ಕೇಳಿಕೊಂಡೆವು. ನಮ್ಮ ವಿಮಾನಯಾನ ನಿಯಂತ್ರಕ ಡಿಜಿಸಿಎ ನಿಯಮಗಳ ಪ್ರಕಾರ ವಿಮಾನವನ್ನು ಸೇವೆಗೆ ಬಿಡುವ ಸಹಿ ಹಾಕಬೇಕಾದವರು ಪಿಸ್ಟನ್ ವಿಮಾನಗಳ ಬಿ1.2 ವರ್ಗದ ಪರವಾನಗಿಯೂ ಸಂಸ್ಥೆಯ ಅಧಿಕಾರಪತ್ರವೂ ಉಳ್ಳ ಎಎಂಇ. ಅವರು ಟೆಕ್ ಲಾಗ್‌ನಲ್ಲಿದ್ದ ನಮ್ಮ ಮೊದಲ ಎರಡು ನಮೂದುಗಳನ್ನು ಓದಿದರು. ಎರಡರಲ್ಲೂ "ಪ್ಲಗ್ ಶುಚಿ ಮಾಡಿದೆ, ಗ್ರೌಂಡ್ ರನ್ ತೃಪ್ತಿಕರ" ಎಂದಷ್ಟೇ ಇತ್ತು. ಯಾವ ಪ್ಲಗ್, ಇಳಿಕೆ ಎಷ್ಟು, ಏನು ಕಂಡಿತು ಎಂಬುದಿರಲಿಲ್ಲ. ಮೂರನೆಯದನ್ನು ಅವರೇ ನಿಂತು ಬರೆಸಿದರು:

"ಬಲ ಮ್ಯಾಗ್ನೆಟೊ ಇಳಿಕೆ 220, ಥಟ್ಟನೆ, ನಡುಕದೊಂದಿಗೆ. ದೃಢಪಟ್ಟಿದೆ. 3ನೇ ಸಿಲಿಂಡರ್ ತಣ್ಣಗಿತ್ತು. ಕೆಳ ಪ್ಲಗ್ ಈ ಮೊದಲೇ 1ರೊಡನೆ ಅದಲುಬದಲಾಗಿದೆ, ದೋಷ 3ರಲ್ಲೇ ಉಳಿದಿದೆ. ಕಂಪ್ರೆಶನ್ 76/80. ಹಾರ್ನೆಸ್ ಪರೀಕ್ಷೆಯಲ್ಲಿ 3ರ ಕೆಳ ಲೀಡ್ ಸೋರಿಕೆ, ತುದಿಯಲ್ಲಿ ಸೀಳು. ಲೀಡ್ ಮತ್ತು ಪ್ಲಗ್ ಬದಲಿಸಿದೆ. ಗ್ರೌಂಡ್ ರನ್ 1800: ಬಲ 80, ಎಡ 70, ನಯವಾಗಿದೆ."